ಕಡತ ಸೇರದ ಬೀದಿಗಳು

ಮೂರು ದಶಕಗಳ ಹಿಂದಿನ ಮಾತು. ಕೋಲಾರ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಪೇಟೆ ಬೀದಿಯನ್ನು ಅಗಲ ಮಾಡಲು ಭೂಸ್ವಾಧೀನ ನಡೆದಿತ್ತು. ಕಡತಗಳನ್ನು ಮುಗಿಸಿ ಪರಿಹಾರ ಹಂಚುವ ಹೊಣೆ ಆಗ ಕಿರಿಯ ಅಧಿಕಾರಿಯಾಗಿದ್ದ ನನ್ನದಾಗಿತ್ತು. ಒಂದು ಮಧ್ಯಾಹ್ನ ವೃದ್ಧರೊಬ್ಬರು ಬಂದು ನನ್ನ ಮೇಜಿನ ಮೇಲೆ ಒಂದು ಫೋಟೊ ಇಟ್ಟರು. ಅವರ ಅಕ್ಕನ ಮದುವೆಯಂದು ತೆಗೆಸಿದ ಚಿತ್ರ. ಮದುಮಕ್ಕಳು, ಬೀಗರು, ಮಕ್ಕಳು ಜಗಲಿಯ ಮೇಲೂ ಮೆಟ್ಟಿಲುಗಳ ಮೇಲೂ ಸಾಲಾಗಿ ಕುಳಿತಿದ್ದರು. ಅವರ ಹಿಂದೆ ಕೆತ್ತನೆಯ ಬಾಗಿಲುವಾಡ, ಮರದ ಕಂಬಗಳು, ಇಳಿಜಾರಾದ ಹಂಚಿನ ಸೂರು. ಚಿತ್ರದ ಎಡ ಅಂಚಿನಲ್ಲಿ ನೆರೆಯ ಮೂರು ಮನೆಗಳ ಜಗಲಿಗಳು, ಒಂದು ಎತ್ತಿನ ಗಾಡಿ, ಅದರಾಚೆ ಬೀದಿಯ ತಿರುವು.

‘ಸ್ವಾಮಿ, ಹೆಚ್ಚಿಗೆ ಹಣ ಕೇಳಲು ಬಂದಿಲ್ಲ. ಇದನ್ನು ನಿಮ್ಮ ಫೈಲಿನಲ್ಲಿ ಇಟ್ಟುಬಿಡಿ. ಮುಂದೆ ಯಾರಾದರೂ ಕೇಳಿದರೆ ಇಲ್ಲೊಂದು ಮನೆ ಇತ್ತು ಅಂತಲಾದರೂ ಗೊತ್ತಾಗಲಿ’ ಎಂದರು. ‘ಇದಕ್ಕೆ ಕಡತದಲ್ಲಿ ಕಾಲಂ ಇಲ್ಲ, ಯಜಮಾನರೇ’ ಎಂದು ಹೇಳಿ ನಾನು ಫೋಟೊವನ್ನು ಹಿಂದಿರುಗಿಸಿದೆ. ಇಟ್ಟುಕೊಳ್ಳಬಾರದೆಂದು ಯಾವ ನಿಯಮವೂ ಹೇಳುತ್ತಿರಲಿಲ್ಲ. ಇಟ್ಟುಕೊಳ್ಳಬೇಕೆಂದು ನನಗೆ ತೋಚಲಿಲ್ಲ, ಅಷ್ಟೇ. ತಿಂಗಳೊಪ್ಪತ್ತಿನಲ್ಲಿ ಆ ಮನೆಯ ಮುಂಭಾಗ ನೆಲಕ್ಕುರುಳಿತು.

ಆ ಕಡತದಲ್ಲಿ ಚಕ್ಕುಬಂದಿ ಇದೆ, ಚದರಡಿಯ ಲೆಕ್ಕವಿದೆ, ಸವಕಳಿ ಕಳೆದು ನಿಗದಿಪಡಿಸಿದ ಬೆಲೆಯಿದೆ, ಹಣ ಮುಟ್ಟಿದ್ದಕ್ಕೆ ರಸೀತಿಯೂ ಇದೆ. ಆದರೆ ಆ ಬೀದಿ ಹೇಗಿತ್ತು ಎಂಬ ಪ್ರಶ್ನೆಗೆ ‘ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಸರ್ಕಾರಿ ರಸ್ತೆ’ ಎಂಬುದಕ್ಕಿಂತ ಹೆಚ್ಚಿನ ಉತ್ತರ ಅದರಲ್ಲಿಲ್ಲ. ನಮ್ಮ ಪಟ್ಟಣಗಳ ಹಳೆಯ ಕಟ್ಟಡಗಳ ಬಗೆಗೆ ಇಂದು ಮಾತನಾಡುವವರೆಲ್ಲ ಕಾನೂನು ಬಿಗಿಯಾಗಬೇಕು, ಅನುದಾನ ಹೆಚ್ಚಬೇಕು ಎನ್ನುತ್ತಾರೆ. ಎರಡೂ ಬೇಕು. ಆದರೆ ಸೇವಾವಧಿಯುದ್ದಕ್ಕೂ ಕಡತಗಳ ನಡುವೆಯೇ ಬದುಕಿದ ನನಗೆ ಅದಕ್ಕೂ ಮೊದಲಿನ ಕೊರತೆಯೊಂದು ಕಾಣುತ್ತದೆ. ದಾಖಲೆಯಲ್ಲಿ ಇಲ್ಲದ ಕಟ್ಟಡವನ್ನು ಯಾವ ಕಾನೂನೂ ಉಳಿಸಲಾರದು. ಆ ದಾಖಲೆಗೆ ಬೇಕಾದ ಅತ್ಯಂತ ಅಗ್ಗದ, ಅತ್ಯಂತ ಬೇಗ ನಶಿಸುವ ಸಾಮಗ್ರಿಯೆಂದರೆ ನಮ್ಮ ಮನೆಗಳ ಟ್ರಂಕುಗಳಲ್ಲಿ ಬಿದ್ದಿರುವ ಹಳೆಯ ಫೋಟೊಗಳು.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಈ ನಾಲ್ಕು ಪಟ್ಟಣಗಳಿಗೆ ಇತಿಹಾಸದ ಕೊರತೆಯಿಲ್ಲ. ಗಂಗರ ಕಾಲದ ಕುವಲಾಲವೇ ಇಂದಿನ ಕೋಲಾರ. ಅಲ್ಲಿನ ಕೋಲಾರಮ್ಮ ದೇವಾಲಯದಲ್ಲಿ ಚೋಳರ ಶಾಸನಗಳಿವೆ. ಸೋಮೇಶ್ವರ ದೇವಾಲಯ ವಿಜಯನಗರ ಕಾಲದ ಶಿಲ್ಪವೈಭವಕ್ಕೆ ಸಾಕ್ಷಿ. ಹೈದರಾಲಿಯ ತಂದೆ ಫತೇ ಮಹಮ್ಮದನ ಸಮಾಧಿ ಇರುವುದೂ ಇದೇ ಊರಿನಲ್ಲಿ. ಮುಳಬಾಗಿಲು ಎಂದರೆ ಮೂಡಲ ಬಾಗಿಲು. ಅದರ ಆಸುಪಾಸಿನಲ್ಲೇ ಆವಣಿ, ಕುರುಡುಮಲೆಗಳಿವೆ. ಪಾಪನಪಲ್ಲಿ ಎಂಬ ಊರಿಗೆ ದಿವಾನ್ ಪೂರ್ಣಯ್ಯನವರು ತಮ್ಮ ಮಗನ ಹೆಸರಿಟ್ಟದ್ದರಿಂದ ಅದು ಶ್ರೀನಿವಾಸಪುರವಾಯಿತೆಂದು ಗೆಜೆಟಿಯರ್ ಹೇಳುತ್ತದೆ. ಮಾಲೂರು ತನ್ನ ಜೇಡಿಮಣ್ಣಿನಿಂದ ಹಂಚು, ಇಟ್ಟಿಗೆಗಳನ್ನು ಸುಟ್ಟು ಹೊರಊರುಗಳ ಮನೆಗಳಿಗೂ ಸೂರು ಒದಗಿಸಿದ ಊರು.

ಇವುಗಳಲ್ಲಿ ದೇವಾಲಯಗಳಿಗೆ ಒಂದು ಮಟ್ಟದ ರಕ್ಷಣೆಯಿದೆ. 1958ರ ಕೇಂದ್ರ ಕಾಯ್ದೆಯಡಿ ರಾಷ್ಟ್ರೀಯ ಮಹತ್ವದ್ದೆಂದು ಘೋಷಿತವಾದ ಸ್ಮಾರಕದ ಸುತ್ತಲಿನ 100 ಮೀಟರ್ ಪ್ರದೇಶದಲ್ಲಿ ಹೊಸ ನಿರ್ಮಾಣಕ್ಕೆ ನಿಷೇಧವಿದೆ. ಅದರಾಚೆಗಿನ 200 ಮೀಟರ್ ನಿಯಂತ್ರಿತ ವಲಯ. 2010ರ ತಿದ್ದುಪಡಿ ಇದಕ್ಕೆ ಶಾಸನದ ಬಲ ಕೊಟ್ಟಿತು. ರಾಜ್ಯದ 1961ರ ಕಾಯ್ದೆ ಮತ್ತಷ್ಟು ಸ್ಮಾರಕಗಳನ್ನು ಒಳಗೊಳ್ಳುತ್ತದೆ. ಆದರೆ ಈ ಎರಡೂ ಕಾಯ್ದೆಗಳ ಕಣ್ಣಿಗೆ ಬೀಳದೆ ಉಳಿದದ್ದು ಬೀದಿ. ಜಗಲಿ ಮನೆ, ಮದ್ರಾಸ್ ತಾರಸಿಯ ಮಾಳಿಗೆ ಮನೆ, ಕೆಳಗೆ ಅಂಗಡಿ ಮೇಲೆ ವಾಸವಿದ್ದ ವರ್ತಕರ ಕಟ್ಟಡ, ಛತ್ರ, ಮುಸಾಫರಖಾನೆ, ಗಾರೆಗೋಡೆಯ ಹಳೆಯ ತಾಲ್ಲೂಕು ಕಚೇರಿ, ಮಿಷನ್ ಶಾಲೆ, ಪುಟ್ಟ ರೈಲು ನಿಲ್ದಾಣ, ಇವು ಯಾವುವೂ ‘ರಾಷ್ಟ್ರೀಯ ಮಹತ್ವ’ದವಲ್ಲ. ಆದರೆ ಒಂದು ಊರು ಮತ್ತೊಂದು ಊರಿನಂತೆ ಕಾಣದಿರಲು ಕಾರಣವಾದವು ಇವೇ.

ಫೋಟೊ ತೆಗೆದವರ ದೃಷ್ಟಿಯೂ ಇದೇ ಹಾದಿ ಹಿಡಿದಿತ್ತು. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ದ ಹತ್ತನೆಯ ಸಂಪುಟ, ಕೋಲಾರ ಜಿಲ್ಲೆಯ ಶಾಸನಗಳದ್ದು, 1905ರಲ್ಲಿ ಪ್ರಕಟವಾಯಿತು. ಅನಂತರ ಆರ್. ನರಸಿಂಹಾಚಾರ್ಯರ ಕಾಲದಲ್ಲಿ ಮೈಸೂರು ಪುರಾತತ್ವ ಇಲಾಖೆಯ ವಾರ್ಷಿಕ ವರದಿಗಳಲ್ಲಿ ಗುಡಿ, ವಿಗ್ರಹ, ಶಾಸನಗಳ ಛಾಯಾಚಿತ್ರಗಳು ಬಂದವು. ಅದು ಅಸಾಧಾರಣ ಕೆಲಸ. ಆದರೆ ಆ ಕ್ಯಾಮೆರಾ ಗುಡಿಗೆ ಹೋಗುವ ದಾರಿಯಲ್ಲಿದ್ದ ಬೀದಿಯತ್ತ ತಿರುಗಿದ್ದು ವಿರಳ. ಸಮೀಪದ ಚಿನ್ನದ ಗಣಿಗಳ ಕಥೆ ಬೇರೆ. ಅಲ್ಲಿ ಕಂಪನಿಯಿತ್ತು, ಷೇರುದಾರರಿದ್ದರು, ಲಂಡನ್ನಿಗೆ ವರದಿ ಹೋಗಬೇಕಾಗಿತ್ತು. ಆದ್ದರಿಂದ ಬಾವಿಗಳ, ಯಂತ್ರಗಳ, ಬಂಗಲೆಗಳ ಚಿತ್ರಗಳು ಇಂದಿಗೂ ಹೇರಳವಾಗಿ ಸಿಗುತ್ತವೆ. ಮಾವು, ರೇಷ್ಮೆ, ಹಂಚುಗಳ ಪಟ್ಟಣಗಳಿಗೆ ಅಂಥ ಚಿತ್ರಕಾರ ದೊರೆಯಲಿಲ್ಲ.

ಹಾಗೆಂದು ಚಿತ್ರಗಳೇ ಇಲ್ಲವೆಂದಲ್ಲ. ಬೀದಿಯ ಚಿತ್ರ ತೆಗೆಯಬೇಕೆಂದು ಯಾರೂ ತೆಗೆಯಲಿಲ್ಲ; ಮದುವೆಯ, ರಥೋತ್ಸವದ, ಶಾಲೆಯ ಗುಂಪಿನ, ಅಂಗಡಿ ಪ್ರಾರಂಭದ, ವರ್ಗವಾದ ಅಮಲ್ದಾರರ ಬೀಳ್ಕೊಡುಗೆಯ ಚಿತ್ರ ತೆಗೆದಾಗ ಬೀದಿ ತಾನಾಗಿ ಹಿನ್ನೆಲೆಯಲ್ಲಿ ಬಂದು ನಿಂತಿತು. ಅಂಥ ಒಂದು ಚಿತ್ರದಿಂದ ಎಷ್ಟು ತಿಳಿಯಬಹುದೆಂಬುದನ್ನು ನೋಡಿ. ಕಂಬಗಳ ನಡುವಿನ ಅಂತರ, ಜಗಲಿಯ ಎತ್ತರ, ಮಳೆನೀರು ಹರಿಯುತ್ತಿದ್ದ ಚರಂಡಿಯ ದಿಕ್ಕು, ಕಿಟಕಿಗೆ ಸರಳಿತ್ತೋ ಜಾಲರಿಯಿತ್ತೋ, ಅಂಗಡಿಯ ಫಲಕದಲ್ಲಿ ಕನ್ನಡವಿತ್ತೋ ತೆಲುಗೋ ಉರ್ದುವೋ, ದೀಪದ ಕಂಬದಲ್ಲಿ ಇದ್ದದ್ದು ಸೀಮೆಎಣ್ಣೆಯೋ ವಿದ್ಯುತ್ತೋ. ಹಳೆಯ ಕಟ್ಟಡವನ್ನು ದುರಸ್ತಿ ಮಾಡುವ ಮೇಸ್ತ್ರಿಗೆ ಇವು ನಕಾಶೆಯಷ್ಟೇ ಉಪಯುಕ್ತ. ನ್ಯಾಯಾಲಯದಲ್ಲಿ ವಾದಿಸುವವನಿಗೆ ಸಾಕ್ಷ್ಯ.

ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರು ತಮ್ಮ ‘ಜ್ಞಾಪಕ ಚಿತ್ರಶಾಲೆ’ಯ ಸಂಪುಟಗಳಲ್ಲಿ ಆ ಕಾಲದ ಜನರನ್ನೂ ಜೀವನವನ್ನೂ ಮಾತಿನಲ್ಲಿ ಕಡೆದಿಟ್ಟರು. ಮಾಲೂರು ತಾಲ್ಲೂಕಿನ ಮಾಸ್ತಿ ಎಂಬ ಗ್ರಾಮದ ಹೆಸರು ಕನ್ನಡ ಸಣ್ಣಕಥೆಯ ಹೆಸರೇ ಆಗಿಹೋಯಿತು. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಮೈಸೂರು ಸಂಸ್ಥಾನದ ಸಿವಿಲ್ ಅಧಿಕಾರಿಯೂ ಆಗಿದ್ದರೆಂಬುದು ನಮ್ಮಂಥವರಿಗೆ ಹೆಮ್ಮೆ. ಇಂಥ ಇಬ್ಬರನ್ನು ಪಡೆದ ಸೀಮೆಯಲ್ಲಿ ಮಾತಿನ ಚಿತ್ರಗಳು ಉಳಿದವು. ಆ ಮಾತು ಹುಟ್ಟಿದ ಬೀದಿಗಳು ಮಾತ್ರ ಗುರುತು ಸಿಗದಂತಾದವು.

ಈ ವಿಷಯದಲ್ಲಿ ದೂರದ ಐರ್ಲೆಂಡಿನ ಅನುಭವ ನಮಗೆ ಉಪಯುಕ್ತವೆಂದು ನನ್ನ ಭಾವನೆ. ಕೋಲಾರಕ್ಕೆ ಆ ದೇಶ ತೀರಾ ಅಪರಿಚಿತವೂ ಅಲ್ಲ. ನ್ಯೂಜಿಲೆಂಡಿನ ಯುದ್ಧದಲ್ಲಿ ಹೋರಾಡಿ ಬೆಂಗಳೂರಿಗೆ ಬಂದು ನೆಲೆಸಿದ ಐರಿಷ್ ಸೈನಿಕ ಮೈಕೆಲ್ ಲವೆಲ್ 1870ರ ದಶಕದಲ್ಲಿ ಎತ್ತಿನ ಗಾಡಿಯಲ್ಲಿ ಈ ಸೀಮೆಯನ್ನು ಸುತ್ತಿ, ಚಿನ್ನ ತೆಗೆಯಲು ಮೈಸೂರು ಸರ್ಕಾರದಿಂದ 1875ರಲ್ಲಿ ಪರವಾನಗಿ ಪಡೆದ. ಬೆಂಗಳೂರಿನ ಲವೆಲ್ ರಸ್ತೆ ಅವನ ಹೆಸರಿನದು. ಮುಂದೆ ಜಾನ್ ಟೇಲರ್ ಕಂಪನಿ ಬಂದದ್ದು, 1902ರಲ್ಲಿ ಶಿವನಸಮುದ್ರದ ವಿದ್ಯುತ್ ಗಣಿಗಳಿಗೆ ಹರಿದದ್ದು, 2001ರ ಫೆಬ್ರುವರಿ 28ರಂದು ಗಣಿಗಳು ಮುಚ್ಚಿದ್ದು ಎಲ್ಲರಿಗೂ ತಿಳಿದ ಕಥೆ.

ಲವೆಲ್ ಬಿಟ್ಟುಬಂದ ಐರ್ಲೆಂಡಿನಲ್ಲಿ ಅದೇ ಕಾಲಕ್ಕೆ ಮತ್ತೊಂದು ಕೆಲಸ ನಡೆದಿತ್ತು. ಡಬ್ಲಿನ್ನಿನ ವಿಲಿಯಂ ಲಾರೆನ್ಸ್ ಎಂಬ ಫೋಟೊ ವ್ಯಾಪಾರಿ ಊರೂರಿನ ಚಿತ್ರಗಳನ್ನು ಮಾರಾಟಕ್ಕಾಗಿ ತೆಗೆಸುತ್ತಿದ್ದ. ಅವನ ಬಳಿ ದುಡಿಯುತ್ತಿದ್ದ ರಾಬರ್ಟ್ ಫ್ರೆಂಚ್ ಎಂಬುವನು ಕ್ಯಾಮೆರಾ ಹೊತ್ತು ದಶಕಗಳ ಕಾಲ ಸಣ್ಣ ಪೇಟೆಗಳ ಮುಖ್ಯ ಬೀದಿಗಳನ್ನು ಸೆರೆಹಿಡಿದ. ಪರಂಪರೆಯನ್ನು ಉಳಿಸುವ ಉದ್ದೇಶ ಇಬ್ಬರಿಗೂ ಇರಲಿಲ್ಲ. ಅವರ ಗಮನ ವ್ಯಾಪಾರದ ಮೇಲಿತ್ತು. ಸುಮಾರು 40,000 ಗಾಜಿನ ನೆಗೆಟಿವ್‌ಗಳ ಆ ಸಂಗ್ರಹವನ್ನು 1943ರಲ್ಲಿ ಅಲ್ಲಿನ ರಾಷ್ಟ್ರೀಯ ಗ್ರಂಥಾಲಯ ಕೊಂಡುಕೊಂಡಿತು. ಇಂದು ಒಂದು ಪೇಟೆಯ ಅಂಗಡಿ ಮುಂಭಾಗ ಮೊದಲು ಹೇಗಿತ್ತೆಂದು ತಿಳಿಯಬೇಕಾದ ಐರಿಷ್ ವಾಸ್ತುಶಿಲ್ಪಿ ಮೊದಲು ತೆರೆಯುವುದು ಆ ಸಂಗ್ರಹವನ್ನು. ದಾಖಲೆಯ ಬೆಲೆ ಆ ದೇಶಕ್ಕೆ ಪೆಟ್ಟು ತಿಂದೇ ತಿಳಿಯಿತು: 1922ರ ಅಂತರ್ಯುದ್ಧದ ಆರಂಭದಲ್ಲಿ ಡಬ್ಲಿನ್ನಿನ ಸಾರ್ವಜನಿಕ ದಾಖಲೆಗಳ ಭವನ ಸ್ಫೋಟಗೊಂಡು ಶತಮಾನಗಳ ಕಾಗದಪತ್ರಗಳು ಬೂದಿಯಾದವು.

ಆದರೂ ಚಿತ್ರಗಳಿದ್ದ ಮಾತ್ರಕ್ಕೆ ಕಟ್ಟಡಗಳು ಉಳಿಯಲಿಲ್ಲ. ಹದಿನೆಂಟನೇ ಶತಮಾನದಲ್ಲಿ ಕಟ್ಟಿದ ಸಾಲುಮನೆಗಳು ಆಳಿದವರ ಮನೆಗಳು, ಬಿದ್ದರೆ ಬೀಳಲಿ ಎಂಬ ಮನೋಭಾವ ಸ್ವಾತಂತ್ರ್ಯದ ಬಳಿಕ ಅಲ್ಲಿ ಬಲವಾಗಿತ್ತು. 1965ರಲ್ಲಿ ಸರ್ಕಾರಿ ಸ್ವಾಮ್ಯದ ವಿದ್ಯುತ್ ಮಂಡಳಿಯೇ ತನ್ನ ಕೇಂದ್ರ ಕಚೇರಿಗಾಗಿ ಡಬ್ಲಿನ್ನಿನ ಫಿಟ್ಜ್‌ವಿಲಿಯಂ ಬೀದಿಯಲ್ಲಿ ಅಂಥ 16 ಮನೆಗಳನ್ನು ಕೆಡವಿತು. ಆ ನಷ್ಟ ಜನರನ್ನು ಎಚ್ಚರಿಸಿತು. 1976ರಲ್ಲಿ ಕಟ್ಟಡಗಳ ನಕಾಶೆ, ಚಿತ್ರಗಳನ್ನು ಒಂದೆಡೆ ಸೇರಿಸುವ ಐರಿಷ್ ವಾಸ್ತುಶಿಲ್ಪ ದಫ್ತರಖಾನೆ ಹುಟ್ಟಿತು. 1990ರಲ್ಲಿ ವಾಸ್ತು ಪರಂಪರೆಯ ರಾಷ್ಟ್ರೀಯ ಪಟ್ಟಿಯ ಕೆಲಸ ಆರಂಭವಾಗಿ 1999ರಲ್ಲಿ ಅದಕ್ಕೆ ಶಾಸನದ ಆಧಾರ ದೊರೆಯಿತು. 2000ದ ಯೋಜನಾ ಕಾಯ್ದೆ ಪ್ರತಿ ಸ್ಥಳೀಯ ಸಂಸ್ಥೆಯೂ ರಕ್ಷಿತ ಕಟ್ಟಡಗಳ ಪಟ್ಟಿ ಇಡುವುದನ್ನು ಕಡ್ಡಾಯಗೊಳಿಸಿತು. ಯಾವ ಬದಲಾವಣೆಗೆ ಅನುಮತಿ ಬೇಕು, ಯಾವುದಕ್ಕೆ ಬೇಡ ಎಂದು ಲಿಖಿತವಾಗಿ ಕೇಳಿ ತಿಳಿಯುವ ಹಕ್ಕನ್ನು ಮಾಲೀಕನಿಗೂ ಕೊಟ್ಟಿತು.

ಈ ಅನುಕ್ರಮವನ್ನು ಗಮನಿಸಬೇಕು. ಮೊದಲು ಚಿತ್ರ, ಆಮೇಲೆ ದಫ್ತರಖಾನೆ, ಆಮೇಲೆ ಪಟ್ಟಿ, ಕಟ್ಟಕಡೆಗೆ ಕಾನೂನು. ನಾವು ಕಾನೂನಿನಿಂದ ಆರಂಭಿಸಿ ಅಲ್ಲಿಯೇ ನಿಂತಿದ್ದೇವೆ. ಐರ್ಲೆಂಡಿನಲ್ಲೂ ಎಲ್ಲವೂ ಸುಸೂತ್ರವಲ್ಲ. ಪಟ್ಟಿಯಲ್ಲಿದ್ದೂ ವಾಸಿಸುವವರಿಲ್ಲದೆ ಪಾಳುಬಿದ್ದ ಮನೆಗಳು ಅಲ್ಲಿನ ಸಣ್ಣ ಪೇಟೆಗಳಲ್ಲಿವೆ. ಪಟ್ಟಿಯೊಂದೇ ಮನೆಯಲ್ಲಿ ದೀಪ ಹಚ್ಚುವುದಿಲ್ಲ ಎಂಬ ಪಾಠವನ್ನೂ ಅಲ್ಲಿಂದಲೇ ಕಲಿಯಬೇಕು.

ನಮ್ಮ ರಾಜ್ಯದ ಅನುಭವವೂ ಇದಕ್ಕೆ ಪೂರಕವಾಗಿದೆ. ಬೆಂಗಳೂರಿನ ಅಠಾರಾ ಕಚೇರಿಯನ್ನು 1980ರ ದಶಕದಲ್ಲಿ ಕೆಡವುವ ಮಾತು ಬಂದಾಗ ನಾಗರಿಕರು ನ್ಯಾಯಾಲಯದ ಮೆಟ್ಟಿಲೇರಿದರು, ಕಟ್ಟಡ ಉಳಿಯಿತು. ಅದು ಎಲ್ಲರ ಕಣ್ಣಲ್ಲೂ ಇದ್ದ ಕಟ್ಟಡ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಕುಸಿಯಿತು. ಕೆಡವಬೇಕೋ ದುರಸ್ತಿ ಮಾಡಬೇಕೋ ಎಂಬ ವಿವಾದ ಹೈಕೋರ್ಟಿನವರೆಗೆ ಹೋಯಿತು. ಪರಂಪರೆಯ ಹೆಸರಿಗೆ ನಾಡಿನಲ್ಲೇ ಮೊದಲ ಸ್ಥಾನದಲ್ಲಿರುವ ಮೈಸೂರಿನ ಪಾಡು ಇದಾದರೆ ಶ್ರೀನಿವಾಸಪುರದ ಪೇಟೆ ಬೀದಿಯ ಪರವಾಗಿ ಯಾರು ವಾದಿಸಿಯಾರು? ವಾದಿಸಲು ಅವರ ಕೈಯಲ್ಲಿ ಯಾವ ಕಾಗದವಿದೆ?

ಇನ್ನು ಅರ್ಥಶಾಸ್ತ್ರದ ಮಾತು. ಹಳೆಯ ಮನೆ ಉರುಳುವುದು ಮಾಲೀಕನ ಅಭಿರುಚಿಯ ಕೊರತೆಯಿಂದಲ್ಲ. ಬೆಂಗಳೂರು ಕೋಲಾರದತ್ತ ಬೆಳೆಯುತ್ತಿದೆ. ನರಸಾಪುರ, ವೇಮಗಲ್, ಮಾಲೂರುಗಳಲ್ಲಿ ಕೈಗಾರಿಕಾ ಪ್ರದೇಶಗಳಾಗಿವೆ. ಚೆನ್ನೈ ಹೆದ್ದಾರಿಯ ಜೊತೆಗೆ ಹೊಸ ಎಕ್ಸ್‌ಪ್ರೆಸ್ ಮಾರ್ಗ ಮಾಲೂರು ತಾಲ್ಲೂಕನ್ನು ಹಾದುಹೋಗುತ್ತದೆ. ನಿವೇಶನದ ಬೆಲೆ ಅದರ ಮೇಲಿನ ಕಟ್ಟಡದ ಬೆಲೆಯ ಹಲವು ಪಟ್ಟಾದಾಗ ಕಟ್ಟಡ ಒಂದು ಅಡಚಣೆಯಂತೆ ಕಾಣುತ್ತದೆ. ನಾಲ್ವರು ಅಣ್ಣತಮ್ಮಂದಿರು ಪಾಲಾಗುವಾಗ ತೊಟ್ಟಿಯನ್ನು ನಾಲ್ಕು ಮಾಡಲಾಗದು, ನಿವೇಶನವನ್ನು ಮಾಡಬಹುದು. ಸೋರುವ ತಾರಸಿಗೆ ಗಾರೆ ಅರೆಯಬಲ್ಲ ಕೆಲಸಗಾರರು ಸಿಗುವುದಿಲ್ಲ. ಹೊಗೆ ತುಂಬಿದ ಕತ್ತಲೆಯ ಅಡುಗೆಮನೆಯಲ್ಲಿ ಆಯುಷ್ಯ ಕಳೆದ ಹೆಂಗಸರಿಗೆ ಆ ಮನೆಯ ಬಗ್ಗೆ ನಮಗಿರುವ ಮೋಹವಿಲ್ಲ. ಇವು ನ್ಯಾಯವಾದ ಕಾರಣಗಳು.

ಬೀದಿಯ ಅಂದ ಎಲ್ಲರಿಗೂ ಸೇರಿದ್ದು. ಅದನ್ನು ಕಾಯ್ದುಕೊಳ್ಳುವ ಖರ್ಚು ಒಬ್ಬನದು. ಲಾಭ ಹಲವರಿಗೂ ವೆಚ್ಚ ಒಬ್ಬನಿಗೂ ಆದಲ್ಲಿ ಆ ಸರಕು ಮಾರುಕಟ್ಟೆಯಲ್ಲಿ ಉಳಿಯದೆಂಬುದು ಅರ್ಥಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಇದರ ಮೇಲೆ ಸರ್ಕಾರದ ಮೌಲ್ಯಮಾಪನ ಪದ್ಧತಿಯೂ ಸೇರಿಕೊಂಡಿದೆ. 1894ರ ಕಾಯ್ದೆಯ ಕಾಲದಲ್ಲಿ ನಾವು ಕಟ್ಟಡಕ್ಕೆ ಬೆಲೆ ಕಟ್ಟುತ್ತಿದ್ದದ್ದು ವರ್ಷವರ್ಷಕ್ಕೆ ಸವಕಳಿ ಕಳೆದು. ಗೋಡೆ ಹಳೆಯದಾದಷ್ಟೂ ಅದರ ಬೆಲೆ ಕಡಿಮೆ. ಆಯುಷ್ಯ ಮುಗಿಯಿತೆಂದು ಲೆಕ್ಕವಾದ ಮೇಲೆ ಉಳಿಯುವುದು ಹಳೆಯ ಸಾಮಗ್ರಿಯ ಬೆಲೆ ಮಾತ್ರ. ಕಡತದಲ್ಲಿ ಹೀಗೆ ಬೆಲೆ ಕಳೆದುಕೊಂಡ ಕಂಬಗಳು, ಬಾಗಿಲುವಾಡಗಳು ಮುಂದೆ ಹೋಟೆಲುಗಳ, ರೆಸಾರ್ಟುಗಳ ಅಲಂಕಾರಕ್ಕೆ ಒಳ್ಳೆಯ ಬೆಲೆಗೆ ಮಾರಾಟವಾದದ್ದನ್ನು ನಾವೆಲ್ಲ ಕಂಡಿದ್ದೇವೆ. 2013ರ ಹೊಸ ಭೂಸ್ವಾಧೀನ ಕಾಯ್ದೆ ಪರಿಹಾರವನ್ನು ಹೆಚ್ಚಿಸಿತು. ಆದರೆ ಕಟ್ಟಡದ ಪ್ರಾಚೀನತೆಯನ್ನು ಒಂದು ಮೌಲ್ಯವೆಂದು ಕಾಣುವ ಅಭ್ಯಾಸ ನಮ್ಮ ಕಚೇರಿಗಳಿಗೆ ಬಂದಿಲ್ಲ.

ಇಲ್ಲೊಂದು ಗಂಭೀರವಾದ ಆಕ್ಷೇಪಕ್ಕೆ ಉತ್ತರ ಹೇಳಬೇಕು. ಕೋಲಾರ ಜಿಲ್ಲೆಯ ಜನಸಂಖ್ಯೆಯಲ್ಲಿ 2011ರ ಜನಗಣತಿಯ ಪ್ರಕಾರ ಪರಿಶಿಷ್ಟ ಜಾತಿಯವರು ಶೇ 30ರಷ್ಟಿದ್ದಾರೆ. ದಲಿತ ಚಳವಳಿ ಆಳವಾಗಿ ಬೇರೂರಿದ ನೆಲವಿದು. ‘ನೀವು ಉಳಿಸಬೇಕೆನ್ನುವ ಜಗಲಿಯ ಮೇಲೆ ನಮ್ಮ ತಾತಂದಿರು ಕೂರುವಂತಿರಲಿಲ್ಲ’ ಎಂದು ಯಾರಾದರೂ ಹೇಳಿದರೆ ಅದು ಸತ್ಯ. ಹಳೆಯ ಫೋಟೊಗಳೂ ಆ ಸತ್ಯವನ್ನೇ ಹೇಳುತ್ತವೆ: ಅವುಗಳಲ್ಲಿ ಯಾರಿದ್ದಾರೆಂಬುದರ ಜೊತೆಗೆ ಯಾರಿಲ್ಲ ಎಂಬುದೂ ಕಾಣುತ್ತದೆ. ಆದರೆ ಜಗಲಿಯನ್ನು ಕೆಡವಿದರೆ ಆ ಅವಮಾನದ ಸಾಕ್ಷ್ಯವೂ ಅಳಿಯುತ್ತದೆ. ಆದ್ದರಿಂದ ದಾಖಲೆ ಮಾಡುವುದಾದರೆ ಪೇಟೆಯ ಜೊತೆಗೆ ಕೇರಿಯನ್ನೂ ಮಾಡಬೇಕು. ಕಲ್ಲುಚಪ್ಪಡಿಯ ಮನೆ, ಹಂಚಿನ ಕಾರ್ಖಾನೆಯ ಕೂಲಿಗಾರರ ಸಾಲು, ಮಿಷನ್ನಿನವರು ನಡೆಸಿದ ಶಾಲೆ ಮತ್ತು ಆಸ್ಪತ್ರೆ, ದರ್ಗಾದ ಸುತ್ತಲಿನ ಮೊಹಲ್ಲಾ, ಎಲ್ಲವೂ ಆ ಪಟ್ಟಿಯಲ್ಲಿರಬೇಕು. ಸಿರಿವಂತರ ಆಲ್ಬಮ್ಮುಗಳಿಂದ ಮಾತ್ರ ಊರಿನ ಚರಿತ್ರೆ ಬರೆದರೆ ಅದು ಮತ್ತೊಂದು ಅನ್ಯಾಯವಾದೀತು.

ಹಾಗಾದರೆ ಮಾಡಬೇಕಾದದ್ದೇನು? ದೊಡ್ಡ ಯೋಜನೆಯ, ದೊಡ್ಡ ಮೊತ್ತದ ಪ್ರಸ್ತಾವ ನನ್ನದಲ್ಲ. ಈಗಾಗಲೇ ನಡೆಯುತ್ತಿರುವ ಕೆಲಸಗಳನ್ನೇ ಸ್ವಲ್ಪ ತಿರುಗಿಸಿದರೆ ಸಾಕು. ಇ-ಖಾತಾ ಪಡೆಯುವ ಮಾಲೀಕನಿಂದ ನಗರ ಸ್ಥಳೀಯ ಸಂಸ್ಥೆಗಳು ಸ್ವತ್ತಿನ ಫೋಟೊವನ್ನು ಪಡೆಯುತ್ತವೆ. ಅದು ತೆರಿಗೆಗಾಗಿ ಮಾಡುವ ಕೆಲಸ. ಅದೇ ಚಿತ್ರಗಳನ್ನು ಬೀದಿಯ ಕ್ರಮದಲ್ಲಿ ಜೋಡಿಸಿ, ಮಾಲೀಕರ ಹೆಸರು, ವಿವರಗಳನ್ನು ತೆಗೆದು, ವರ್ಷವನ್ನು ನಮೂದಿಸಿ ಒಂದು ಪ್ರತಿಯನ್ನು ರಾಜ್ಯ ಪತ್ರಾಗಾರಕ್ಕೆ ಕಳುಹಿಸಿದರೆ ಪ್ರತಿ ಪಟ್ಟಣದ ಇಂದಿನ ಮುಖ ದಾಖಲಾಗುತ್ತದೆ. ನೂರು ವರ್ಷಗಳ ನಂತರದವರಿಗೆ ಅದೇ ಲಾರೆನ್ಸ್ ಸಂಗ್ರಹ.

ನಿನ್ನೆಯ ಮುಖಕ್ಕೆ ಗ್ರಂಥಾಲಯವಿದೆ. ಆಸ್ತಿ ತೆರಿಗೆಯ ಜೊತೆಗೆ ಶೇ 6ರ ಗ್ರಂಥಾಲಯ ಕರವನ್ನು ನಾವೆಲ್ಲ ಕಟ್ಟುತ್ತೇವೆ. ಪ್ರತಿ ತಾಲ್ಲೂಕು ಕೇಂದ್ರದ ಗ್ರಂಥಾಲಯದಲ್ಲಿ ಒಂದು ಸ್ಕ್ಯಾನರ್, ಕಾಲೇಜಿನ ಇಬ್ಬರು ಇತಿಹಾಸ ವಿದ್ಯಾರ್ಥಿಗಳು, ತಿಂಗಳಿಗೆರಡು ಭಾನುವಾರ ಇದ್ದರೆ ಮನೆಮನೆಯ ಹಳೆಯ ಚಿತ್ರಗಳ ಪ್ರತಿ ತೆಗೆದು ಮೂಲವನ್ನು ಅಲ್ಲೇ ಹಿಂದಿರುಗಿಸಬಹುದು. ಚಿತ್ರ ತಂದವರನ್ನು ಕೂರಿಸಿ ಯಾವ ಬೀದಿ, ಯಾವ ವರ್ಷ, ಹಿಂದೆ ಕಾಣುವ ಮನೆ ಯಾರದು ಎಂದು ಕೇಳಿ ಬರೆದುಕೊಳ್ಳುವುದು ಸ್ಕ್ಯಾನ್ ಮಾಡುವುದಕ್ಕಿಂತ ಮುಖ್ಯ. ಹೇಳಬಲ್ಲವರು ಎಂಬತ್ತು ದಾಟಿದವರು. ಇನ್ನು ಹತ್ತು ವರ್ಷ ಕಾದರೆ ಚಿತ್ರ ಉಳಿದೀತು, ಅದನ್ನು ಗುರುತಿಸುವವರು ಉಳಿಯಲಾರರು. ಹಳೆಯ ಸ್ಟುಡಿಯೊಗಳು ಮುಚ್ಚಿದಾಗ ನೆಗೆಟಿವ್‌ಗಳು ಗುಜರಿಗೆ ಹೋಗದಂತೆ ನೋಡಿಕೊಳ್ಳುವುದೂ ಇದೇ ಕೆಲಸದ ಭಾಗ.

ಮೂರನೆಯದು, ರಸ್ತೆ ವಿಸ್ತರಣೆಯ ಯಾವ ಕಡತವೂ ಬೀದಿಯ ಎರಡೂ ಬದಿಗಳ ಸಂಪೂರ್ಣ ಛಾಯಾಚಿತ್ರ ಮತ್ತು ಹಳೆಯ ಕಟ್ಟಡಗಳ ಅಳತೆಯ ನಕಾಶೆ ಇಲ್ಲದೆ ಮಂಜೂರಾಗಬಾರದು. ಇದಕ್ಕೆ ಹೊಸ ಕಾಯ್ದೆ ಬೇಡ; ಒಂದು ಸುತ್ತೋಲೆ ಸಾಕು. ನಾಲ್ಕನೆಯದು, ಮುಂಭಾಗವನ್ನು ಉಳಿಸಿಕೊಂಡು ಒಳಗೆ ಬೇಕಾದ ಸೌಕರ್ಯ ಮಾಡಿಕೊಳ್ಳುವ ಮಾಲೀಕನಿಗೆ ಆಸ್ತಿ ತೆರಿಗೆಯಲ್ಲಿ ವಿನಾಯಿತಿ ಕೊಡಬೇಕು. ರಸ್ತೆಗೆ ಜಾಗ ಬಿಟ್ಟವರಿಗೆ ಅಭಿವೃದ್ಧಿ ಹಕ್ಕು ಕೊಡುವ ಪದ್ಧತಿ ನಮ್ಮ ನಗರ ಯೋಜನಾ ಕಾಯ್ದೆಯಲ್ಲಿದೆ. ಕಟ್ಟಡ ಉಳಿಸಿದವರಿಗೂ ಅದರ ಲಾಭ ಸಣ್ಣ ಪಟ್ಟಣಗಳಲ್ಲಿ ದೊರೆಯುವಂತಾಗಬೇಕು. ದಂಡದ ಭಯದಿಂದ ಮನೆ ಉಳಿಸುವಂತೆ ಮಾಡಲು ಹೊರಟರೆ ಪಟ್ಟಿ ಪ್ರಕಟವಾಗುವ ಮುನ್ನಾದಿನ ರಾತ್ರಿಯೇ ಗೋಡೆಗಳು ಉರುಳುತ್ತವೆ.

ಐದನೆಯದಾಗಿ, ಸರ್ಕಾರ ತನ್ನ ಸ್ವಂತ ಕಟ್ಟಡಗಳಿಂದ ಆರಂಭಿಸಬೇಕು. ಹಳೆಯ ಕಚೇರಿಗಳನ್ನು ತೊರೆದು ಒಂದೇ ಅಚ್ಚಿನ ಮಿನಿ ವಿಧಾನಸೌ‌ಧಗಳನ್ನು ಕಟ್ಟುತ್ತ ಬಂದ ಆಡಳಿತ, ಜಗಲಿ ಉಳಿಸಿ ಎಂದು ಪ್ರಜೆಗೆ ಹೇಳುವುದು ಹೇಗೆ? ಅನುಸರಿಸಬಹುದಾದ ಮಾದರಿ ಹತ್ತಿರದಲ್ಲೇ ಇದೆ. ಕಳೆದ ಶತಮಾನದ ಎರಡನೇ ದಶಕದಲ್ಲಿ ಹಾಕಿದ ನ್ಯಾರೋಗೇಜ್ ಹಳಿ ಬೌರಿಂಗ್‌ಪೇಟೆಯಿಂದ ಕೋಲಾರ, ಶ್ರೀನಿವಾಸಪುರ, ಚಿಂತಾಮಣಿ, ಚಿಕ್ಕಬಳ್ಳಾಪುರಗಳ ಮೂಲಕ ಯಲಹಂಕದ ಕಡೆಗೆ ಸಾಗುತ್ತಿತ್ತು. ಕೋಲಾರ–ಚಿಕ್ಕಬಳ್ಳಾಪುರ ಭಾಗ 2013ರಲ್ಲಿ ಬ್ರಾಡ್‌ಗೇಜ್ ಆಗಿ ಮತ್ತೆ ತೆರೆಯಿತು. ಇದೇ ಮಾರ್ಗದ ಬೆಂಗಳೂರು ಬದಿಯಲ್ಲಿ ನಂದಿ ಹಾಲ್ಟ್ ಮೊದಲಾದ ಹಳೆಯ ಪುಟ್ಟ ನಿಲ್ದಾಣಗಳನ್ನು ಕೆಡವದೆ, ರೈಲ್ವೆಯ ಸಮ್ಮತಿಯೊಡನೆ ಇಂಟ್ಯಾಕ್ ಸಂಸ್ಥೆ ದುರಸ್ತಿ ಮಾಡಿಸಿದೆ. ಒಂದೇ ಹಳಿಯ ಒಂದು ತುದಿಯಲ್ಲಿ ಸಾಧ್ಯವಾದದ್ದು ಇನ್ನೊಂದು ತುದಿಯಲ್ಲಿ ಅಸಾಧ್ಯವಾಗಬೇಕಿಲ್ಲ.

1992ರ 74ನೇ ತಿದ್ದುಪಡಿ ಸಂವಿಧಾನಕ್ಕೆ ಸೇರಿಸಿದ ಹನ್ನೆರಡನೇ ಅನುಸೂಚಿಯಲ್ಲಿ ನಗರ ಯೋಜನೆಯ ಜೊತೆಗೆ ಸಾಂಸ್ಕೃತಿಕ ಮತ್ತು ಸೌಂದರ್ಯ ಸಂಬಂಧಿ ಅಂಶಗಳ ಪೋಷಣೆಯೂ ಪೌರಸಂಸ್ಥೆಗಳಿಗೆ ವಹಿಸಬಹುದಾದ ಕೆಲಸವೆಂದಿದೆ. ಆದ್ದರಿಂದ ಇದು ಪುರಾತತ್ವ ಇಲಾಖೆಯ ಕೆಲಸ, ನಮ್ಮದಲ್ಲ ಎಂದು ಸದಸ್ಯರೂ ಮುಖ್ಯಾಧಿಕಾರಿಗಳೂ ಕೈತೊಳೆದುಕೊಳ್ಳುವುದು ಸರಿಯಲ್ಲ. ಎಲ್ಲ ಹಳೆಯ ಕಟ್ಟಡಗಳನ್ನೂ ಉಳಿಸಲು ಸಾಧ್ಯವಿಲ್ಲ, ಉಳಿಸಬೇಕಾಗಿಯೂ ಇಲ್ಲ. ಆಂಬುಲೆನ್ಸ್ ಹೋಗಲು ರಸ್ತೆ ಬೇಕು, ಮಕ್ಕಳಿಗೆ ಗಾಳಿ ಬೆಳಕಿನ ಮನೆ ಬೇಕು. ಆದರೆ ಏನನ್ನು ಕಳೆದುಕೊಳ್ಳುತ್ತಿದ್ದೇವೆಂದು ತಿಳಿದು ಕಳೆದುಕೊಳ್ಳುವುದಕ್ಕೂ ತಿಳಿಯದೆ ಕಳೆದುಕೊಳ್ಳುವುದಕ್ಕೂ ವ್ಯತ್ಯಾಸವಿದೆ. ನಾನು ಸಹಿ ಹಾಕಿದ ಆ ವಿಸ್ತರಣೆ ಅಗತ್ಯವಾಗಿತ್ತೆಂದೇ ಇಂದಿಗೂ ನಂಬಿದ್ದೇನೆ. ಅದು ತಪ್ಪಾಗಿರಲಿಲ್ಲ, ಫೋಟೊ ಹಿಂದಿರುಗಿಸಿದ್ದು ತಪ್ಪು.

ನಿವೃತ್ತಿಯ ನಂತರ ಒಮ್ಮೆ ಆ ಬೀದಿಗೆ ಹೋಗಿದ್ದೆ. ಮನೆಯಿದ್ದ ಜಾಗದಲ್ಲಿ ಮೂರು ಅಂತಸ್ತಿನ ವಾಣಿಜ್ಯ ಕಟ್ಟಡ ಎದ್ದಿದೆ. ಆ ಕುಟುಂಬ ಎಲ್ಲಿಗೆ ಹೋಯಿತೆಂದು ಅಲ್ಲಿ ಯಾರಿಗೂ ತಿಳಿಯದು. ಆ ಚಿತ್ರ ಯಾವುದೋ ಟ್ರಂಕಿನಲ್ಲಿ ಇನ್ನೂ ಇರಬಹುದು. ಈ ನಾಲ್ಕು ಪಟ್ಟಣಗಳ ಓದುಗರಲ್ಲಿ ಅನೇಕರ ಮನೆಗಳಲ್ಲಿ ಅಂಥ ಚಿತ್ರಗಳಿರುವುದಂತೂ ಖಂಡಿತ. ಮದುಮಕ್ಕಳ ಹಿಂದೆ ಕಾಣುವ ಬೀದಿಯನ್ನೊಮ್ಮೆ ಗಮನವಿಟ್ಟು ನೋಡಿ, ಹಿಂಬದಿಯಲ್ಲಿ ಊರು, ಬೀದಿ, ವರ್ಷ ಬರೆದಿಡಿ. ನಾಳೆ ಅದನ್ನು ಹಿಡಿದು ಕಚೇರಿಗೆ ಬಂದವರಿಗೆ ಕಾಲಂ ಇಲ್ಲ ಎಂದು ಹೇಳದಂತೆ ನೋಡಿಕೊಳ್ಳುವುದು ಈಗ ಆ ಕುರ್ಚಿಗಳಲ್ಲಿ ಕುಳಿತವರ ಹೊಣೆ.